ಅಕ್ಕನ ಟಾರ್ಚು

ನನ್ನ ಕೆಲಸ ಏನೆಂದು ಅಕ್ಕನಿಗೆ ಒಮ್ಮೆ ಬಿಡಿಸಿ ಹೇಳಿದ್ದೆ. ಬೆಂಗಳೂರಿನ ಲ್ಯಾಬಿನಲ್ಲಿ ಗಾಜಿನ ತೊಟ್ಟಿಗೆ ನೀರು ಬೆರೆಸಿದ ಹಾಲು ಸುರಿದು, ಬೆಳಕು ತಾಗಿದರೆ ಬೇರೆ ಬಣ್ಣದಲ್ಲಿ ಹೊಳೆಯುವ ಸಣ್ಣ ಮಣಿಯೊಂದನ್ನು ಮುಳುಗಿಸುತ್ತೇವೆ. ಹೊರಗಿನಿಂದ ಬೆಳಕು ಬಿಟ್ಟು ಅದೆಲ್ಲಿದೆಯೆಂದು ಹುಡುಕುತ್ತೇವೆ. ಮೈಯ ಮಾಂಸದ ಜಾಗದಲ್ಲಿ ಹಾಲು, ರೋಗದ ಜಾಗದಲ್ಲಿ ಮಣಿ. ನಂದಗುಡಿ ಹತ್ತಿರದ ನಮ್ಮೂರಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಅಕ್ಕ ಎಲ್ಲ ಕೇಳಿಸಿಕೊಂಡು, “ಹಾಲಿಗೆ ನೀರು ಬೆರೆಸಕ್ಕೆ ಇಷ್ಟೊಂದು ಓದ್ಬೇಕಿತ್ತೇನೇ? ಇಲ್ಲೇ ಇದ್ದಿದ್ರೆ ನಾನೇ ಕಲಿಸ್ತಿದ್ದೆ” ಎಂದಿದ್ದಳು.

ಅವಳು ನಾಟಿ ಕೋಳಿಯನ್ನೂ ಸಾಕುತ್ತಾಳೆ. ಕಾವಿಗೆ ಕೂರಿಸಿ ವಾರವಾದ ಮೇಲೆ, ಹಗಲಲ್ಲೇ ರಾಗಿ ಮೂಟೆಯ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಬಾಯಿಗೆ ಹಿಡಿಯುತ್ತಾಳೆ. ಒಳಗೆ ಕಪ್ಪು ಚುಕ್ಕೆ, ಸುತ್ತ ಕೆಂಪು ನರ ಕಂಡರೆ ಮರಿ ಇದೆ. ಬರೀ ಬೆಳಕೇ ತುಂಬಿಕೊಂಡರೆ ಖಾಲಿ. ಅವಳ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ.

ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗಲೂ ಅವಳು ಹೋದದ್ದು ಅದೇ ಕೋಣೆಗೆ. ಟಾರ್ಚನ್ನು ಮೊಲೆಗೆ ಒತ್ತಿ ಹಿಡಿದಳು. ಎಲ್ಲ ಕೆಂಪಗೆ ಬೆಳಗಿತು, ಕಪ್ಪು ಎಲ್ಲೂ ಕಾಣಲಿಲ್ಲ. ಖಾಲಿ ಎಂದುಕೊಂಡು ರವಿಕೆ ತೊಟ್ಟು ಹಾಲು ಕರೆಯಲು ಹೋದಳು. ಆಗಾಗ ಹೀಗೆ ನೋಡಿಕೊಳ್ಳುತ್ತಲೇ ಇದ್ದಳಂತೆ. ಒಂದು ಸುಗ್ಗಿ ಕಳೆದು ಇನ್ನೊಂದು ಬಂತು. ಕಂಕುಳಲ್ಲೂ ಗಂಟು ಎದ್ದು ತೋಳು ಎತ್ತಲಾಗದಾಗ ನಾನೇ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಹೊರಡಿಸಿದೆ. ಇದೆಲ್ಲ ಗೊತ್ತಾದದ್ದು ಆ ದಿನ ಬಸ್ಸಿನಲ್ಲಿ.

“ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?” ಎಂದೆ.

“ನೀನೂ ಅದೇ ತಾನೇ ಮಾಡೋದು? ಬೆಳಕು ಬಿಟ್ಟು ಒಳಗೆ ನೋಡೋದು. ನಾನೇ ನೋಡ್ಕೊಂಡ್ನಲ್ಲ ಅಂತ ಸುಮ್ನಾದೆ.”

ನನಗೆ ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದು? ಎಳೆ ಮೊಟ್ಟೆಯೊಳಗೆ ಬೆಳಕು ಹೆಚ್ಚು ಕಡಿಮೆ ನೆಟ್ಟಗೆ ಹಾಯುತ್ತದೆ. ಮಾಂಸದೊಳಗೆ ಹಾಲಿನಲ್ಲಿ ಆದಂತೆ ಹೆಜ್ಜೆ ಹೆಜ್ಜೆಗೂ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತದೆ. ಹಾಗೆ ಅಲೆದ ಬೆಳಕು ಒಳಗಿನ ಗಂಟಿನ ನೆರಳನ್ನೂ ಅಳಿಸಿಬಿಡುತ್ತದೆ. ಅವಳಿಗೆ ಕಂಡ ಆ ಕೆಂಪಿಗೆ ಏನೂ ಇಲ್ಲವೆಂಬ ಅರ್ಥವೇ ಇರಲಿಲ್ಲ. ಈ ತೊಡಕಿನ ಮೇಲೆಯೇ ನನ್ನ ಅನ್ನ ಹುಟ್ಟುತ್ತದೆ.

ರೋಗ ಲಿವರಿಗೂ ಹಬ್ಬಿದೆ, ಇನ್ನು ಕುಯ್ದು ತೆಗೆದು ಪ್ರಯೋಜನವಿಲ್ಲ ಎಂದರು ಡಾಕ್ಟರು. ಅದಾದ ಮೇಲೆ ಒಂದು ದಿನ ಲ್ಯಾಬಿನಲ್ಲಿ, ಅಷ್ಟು ದಿನ ಮಂಜಿನಂತೆ ಮಸುಕಾಗಿದ್ದ ಕಂಪ್ಯೂಟರ್ ತೆರೆಯ ಮೇಲೆ ಮಣಿ ಸ್ಪಷ್ಟವಾಗಿ ಮೂಡಿತು. ಹಾಲಿನಲ್ಲಿ ಒಂದು ಬೆರಳಗಲದಷ್ಟು ಆಳ. ಜೊತೆಯವರು ಚಪ್ಪಾಳೆ ತಟ್ಟಿದರು. ಅದನ್ನು ಅಲ್ಲಿ ಇಟ್ಟವಳು ನಾನೇ, ಎಲ್ಲಿದೆಯೆಂದು ನನಗೆ ಮೊದಲೇ ಗೊತ್ತಿತ್ತು.

ಮೊನ್ನೆ ಊರಿಗೆ ಹೋದಾಗ ಅಕ್ಕ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಿಜ ಹೇಳು. ನಾನು ಮೊದಲು ನೋಡ್ಕೊಂಡಾಗಲೇ ನಿನ್ನ ಮಿಷನ್ನಲ್ಲಿ ನೋಡಿದ್ರೆ ಕಾಣ್ತಿತ್ತಾ?”

“ಇಲ್ಲ ಕಣಕ್ಕ. ನಮ್ಮ ಬೆಳಕು ಅಷ್ಟು ಆಳ ಹೋಗಲ್ಲ.”

ಅದು ಸತ್ಯವೇ. ಊರ ಹತ್ತಿರದ ಯಾವ ಡಾಕ್ಟರು ಬರಿಗೈಯಲ್ಲಿ ಮುಟ್ಟಿದ್ದರೂ ಆ ಗಂಟು ಸಿಗುತ್ತಿತ್ತು ಎಂಬುದೂ ಸತ್ಯ. ಅದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

“ಹಂಗಾದ್ರೆ ನಾನು ನೋಡಿದ್ರಲ್ಲಿ ತಪ್ಪಿಲ್ಲ ಬಿಡು” ಎಂದಳು. ಎಷ್ಟೋ ದಿನದಿಂದ ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. ಆಮೇಲೆ ದಿಂಬಿನ ಪಕ್ಕದ ಟಾರ್ಚನ್ನು ನನ್ನ ಕೈಗಿಟ್ಟು, “ಕೋಳಿ ಕಾವಿಗೆ ಕೂತು ವಾರ ಆಯ್ತು. ಮೊಟ್ಟೆ ನೋಡ್ಕೊಂಡು ಬಾ” ಎಂದಳು.

ರಾಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಟಾರ್ಚು ಹಾಕಲು ಕೈ ಬರಲಿಲ್ಲ. ಅವಳಿಗೆ ಕೇಳಿಸದ ಹಾಗೆ ಮೂಟೆಗೆ ಮುಖ ಒತ್ತಿ ಅತ್ತುಬಿಟ್ಟೆ.