ನೀರು ಕುಡಿದ ಕಲ್ಲು

ನನಗಾಗ ಮೂವತ್ತೆರಡು. ನಲವತ್ತು ವರ್ಷದ ಮೇಲಾಯಿತು. ನ್ಯಾಮತಿಗೂ ನಮ್ಮೂರಿಗೂ ನಡುವೆ ಇರುವ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದರು. ನಾನು ಅಲ್ಲಿ ಮಣ್ಣು ಹೊರುತ್ತಿದ್ದೆ.

ಸೇತುವೆ ಎಲ್ಲರಿಗಿಂತ ಹೆಚ್ಚು ನನಗೇ ಬೇಕಿತ್ತು. ಎಂಟು ವರ್ಷದ ಮಗಳಿಗೆ ಕೀಲು ಜ್ವರ ಬಂದು ಗುಂಡಿಗೆ ಕೆಟ್ಟಿತ್ತು. ಇಪ್ಪತ್ತೊಂದು ದಿನಕ್ಕೊಂದು ಸೂಜಿ, ಅದೂ ದೊಡ್ಡವಳಾಗುವವರೆಗೆ, ಒಂದೂ ತಪ್ಪಬಾರದು ಎಂದಿದ್ದರು ನ್ಯಾಮತಿಯ ಡಾಕ್ಟರು. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಎರಡು ತಪ್ಪಿದ್ದವು. ಮತ್ತೆ ಮಂಡಿ ಊದಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು.

ನಡುಹಳ್ಳದ ಕಂಬಕ್ಕೆ ಆರಾಳುದ್ದ ಗುಂಡಿ ತೋಡಿದ್ದರು. ತಳದಲ್ಲಿ ಬೂದು ಬಣ್ಣದ ಕಲ್ಲು ಸಿಕ್ಕಿತು. ಅದು ಎಷ್ಟು ಭಾರ ಹೊರುತ್ತದೆಂದು ನೋಡಲು ತಳದಿಂದ ಒಂದು ಗಟ್ಟಿ ಕಂಬ ಎಬ್ಬಿಸಿ, ಮೇಲೆ ಅಟ್ಟ ಹಾಕಿ, ನಮ್ಮಿಂದ ಮರಳು ಚೀಲ ಹೊರಿಸಿದರು. ಎರಡು ದಿನ ಪೇರಿಸಿದೆವು. ಗಡಿಯಾರದಂಥ ಅಳತೆಯ ಮುಳ್ಳು ಅಲುಗಲಿಲ್ಲ. ಎಂಜಿನಿಯರು ನಕ್ಕರು.

ನನ್ನ ತವರು ಜಗಳೂರು. ಅಪ್ಪ ಬಾವಿ ತೋಡುವವನು. ತಳದ ಕಲ್ಲನ್ನು ಅವನು ಬಡಿದು ನೋಡುತ್ತಿರಲಿಲ್ಲ, ನೀರಿನಲ್ಲಿ ನೆನೆ ಹಾಕುತ್ತಿದ್ದ. ನೀರಿಗೆ ನಿಲ್ಲದ ಕಲ್ಲು ಮಣ್ಣಿನ ಲೆಕ್ಕ. ನಾನೂ ಒಂದು ಚೂರು ಎತ್ತಿಕೊಂಡು ನೀರು ತುಂಬಿದ ಬೋಸಿಯಲ್ಲಿ ಹಾಕಿದೆ. ಊಟದ ಹೊತ್ತಿಗೆ ಅಂಬಲಿಯಾಗಿತ್ತು.

ಚನ್ನಗಿರಿ ಕಡೆಯ ಮೇಸ್ತ್ರಿ ನೋಡಿದ.

"ಏನಕ್ಕಾ, ಕಲ್ಲಿಗೆ ಸ್ನಾನ ಮಾಡಿಸಾಕೆ ಹತ್ತಿದ್ದೀಯ?"

"ಮಾಡಿಸ್ದೆ ಕಣಣ್ಣ. ಮೈಯೇ ಉಳೀಲಿಲ್ಲ."

ಅವನು ಬೋಸಿಗೆ ಬೆರಳಿಟ್ಟು, ಬೆರಳನ್ನು ಪಂಚೆಗೆ ಒರೆಸಿಕೊಂಡ. "ಚೆಲ್ಲು ಅದನ್ನ. ನಿಮ್ಮೂರಿಗೆ ಸೇತುವೆ ಬೇಕೈತೋ ಇಲ್ಲೋ?"

ಚೆಲ್ಲಿದೆ. ಒಂದು ದಿನ ಬಾಯಿ ಮುಚ್ಚಿಕೊಂಡೂ ಇದ್ದೆ. ಮರುದಿನ ಎಂಜಿನಿಯರಿಗೆ ಹೇಳಿಬಿಟ್ಟೆ. ಪುಣ್ಯಕ್ಕಲ್ಲ. ಸೇತುವೆ ಕುಸಿದರೆ ಅದರ ಮೇಲೆ ಇರುವವರು ನಾವೇ, ಮಗಳನ್ನು ಎತ್ತಿಕೊಂಡು ಹೋಗುವ ನಾನೇ.

ಅವರು ತಾವೇ ಒಂದು ಚೂರು ನೆನೆ ಹಾಕಿ ಹಿಚುಕಿ ನೋಡಿದರು. ನಗಲಿಲ್ಲ. ಗುಂಡಿಗೆ ನೀರು ಬಿಡಿಸಿದರು. ಸಂಜೆಗೆ ಮುಳ್ಳು ತಿರುಗತೊಡಗಿತು. ಮೂರು ದಿನವಾದರೂ ನಿಲ್ಲಲಿಲ್ಲ. ಅಟ್ಟ ಒಂದು ಕಡೆ ವಾಲಿತು.

"ಇನ್ನೂ ಆಳಕ್ಕೆ ಹೋದ್ರೆ ಸಾಮಿ?" ಎಂದು ಕೇಳಿದೆ.

"ಕೊರೆದು ನೋಡಿದೀವಮ್ಮ. ನಮ್ಮ ಕೈಗೆ ಎಟುಕೋವರೆಗೂ ಇದೇ ಕಲ್ಲು. ಒಣಗಿದ್ದಾಗ ಹೊರುತ್ತೆ, ನೆನೆದರೆ ಇಲ್ಲ. ಹಳ್ಳದಲ್ಲಿ ನೆನೀದೆ ಇರುತ್ತಾ?"

"ಹಂಗಾದ್ರೆ ಸೇತುವೆ?"

"ಬೇರೆ ಜಾಗ ಹುಡುಕಬೇಕು. ಸರ್ಕಾರಕ್ಕೆ ಮತ್ತೆ ಮೊದಲಿಂದ ಬರೀಬೇಕು. ವರ್ಷಗಳಾಗ್ತವೆ."

ಹತ್ತು ದಿನದಲ್ಲಿ ಲಾರಿಗಳು ಬಂದು ಕಬ್ಬಿಣ, ಸಿಮೆಂಟು ಹೇರಿಕೊಂಡು ಹೋದವು. ಅವತ್ತು ಸಂಜೆ ಊರಿನ ಹೆಂಗಸರು ನಮ್ಮ ಬಾಗಿಲಿಗೆ ಬಂದು ಬೈದರು. ಅವರೆಲ್ಲ ಸಾಲದೆಂಬಂತೆ ಅತ್ತೆಯೂ ಸೇರಿಕೊಂಡಳು. "ಜಗಳೂರಿನ ಬಾವಿ ಬುದ್ಧಿ ತಂದು ಊರ ಸೇತುವೆ ನುಂಗಿದೆ ಕಣೆ. ಕೂಸನ್ನ ಯಾವ ದಾರೀಲಿ ಹೊತ್ಕೊಂಡು ಹೋಗ್ತೀಯ ಈಗ?"

ಗಂಡ ಎದ್ದು ದನದ ಕೊಟ್ಟಿಗೆಗೆ ಹೋದ. ನಾನು ರೊಟ್ಟಿ ತಟ್ಟಿದೆ.

ಮರುದಿನ ಸೂಜಿಯ ದಿನ. ಬೆಳಿಗ್ಗೆ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಒಣಹಳ್ಳ ದಾಟಿ ನ್ಯಾಮತಿಗೆ ನಡೆದೆ. ಮಳೆಗೆ ಇನ್ನೂ ಎರಡು ತಿಂಗಳಿತ್ತು.