ಇಲ್ಲದ ನಾಯಿ, ವರ್ಲಿಯ ಕುತ್ತಿಗೆ

ಹದಿನಾಲ್ಕು ತಿಂಗಳಿಂದ ವರ್ಲಿ ಆರ್ಸನೋ ಎಡಗಡೆಗೆ ಕತ್ತು ತಿರುಗಿಸಿರಲಿಲ್ಲ. ಏನಾದರೂ ನೋಡಬೇಕೆಂದರೆ ಬಾಗಿಲು ತಿರುಗಿದಂತೆ ಇಡೀ ಮೈಯನ್ನೇ ತಿರುಗಿಸಬೇಕು. ಇದಕ್ಕೆಲ್ಲ ಕಾರಣ ಎದುರುಮನೆಯ ಡಡ್ಲಿ ಎಬೇರ್. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಗುತ್ತಿತ್ತು. ಉರಿಯದೆ ಇನ್ನೇನು! ಕೆಂಪು ದೀಪ ಕಂಡು ತೆಪ್ಪಗೆ ಕಾರು ನಿಲ್ಲಿಸಿಕೊಂಡಿದ್ದವಳನ್ನು ಆ ಮಹಾನುಭಾವ ಫೋನು ನೋಡುತ್ತ ಬಂದು ಹಿಂದಿನಿಂದ ಗುದ್ದಿದ. ಗುದ್ದಿದ್ದು ಒಂದು ಪಾಪ. ಪೊಲೀಸರು ಬಂದಾಗ, "ದೀಪ ಹಸಿರಿತ್ತು ಸಾರ್, ನಾಯಿ ಅಡ್ಡ ಬಂತು ಅಂತ ಇವ್ಳು ಗಕ್ಕಂತ ಬ್ರೇಕ್ ಹಾಕಿದ್ಲು" ಎಂದು ಬರೆಸಿದ್ದು ಇನ್ನೊಂದು. ಗುದ್ದಿದ್ದನ್ನು ವರ್ಲಿ ಎಂದೋ ಕ್ಷಮಿಸಿಬಿಡುತ್ತಿದ್ದಳು. ಆ ನಾಯಿಯನ್ನು ಮಾತ್ರ ಕ್ಷಮಿಸಲಾರಳು. ಅಲ್ಲಿ ನಾಯಿಯೇ ಇರಲಿಲ್ಲ.

ಲೂಯಿಸಿಯಾನಾದ ಆ ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು ವರ್ಲಿ. ನಾನೂರು ಮಕ್ಕಳಿಗಾಗುವಷ್ಟು ಗಂಬೋ ಸಾರಿನ ಹಂಡೆಯನ್ನು ಒಬ್ಬಳೇ ಇಳಿಸುತ್ತಿದ್ದಳು. ಈಗ ಅವಳನ್ನು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿ, ಹಾಲಿನ ಪೊಟ್ಟಣ ಹಂಚುವ ಕೆಲಸಕ್ಕೆ ಹಚ್ಚಿದ್ದರು. ಹೊಸ ಅಡುಗೆಯವಳ ಸಾರನ್ನು ಮಕ್ಕಳು ಹಾಗೇ ಚೆಲ್ಲುವುದನ್ನು ಕುಳಿತಲ್ಲಿಂದಲೇ ನೋಡಿ ಹಲ್ಲು ಕಡಿಯುತ್ತಿದ್ದಳು.

ಡಡ್ಲಿಗೇನು ಧಾಡಿ? ದೋಣಿ ತೆಗೆದುಕೊಂಡು ಮೀನಿಗೆ ಹೋಗುತ್ತಿದ್ದ, ಮದುವೆಗಳಲ್ಲಿ ಕುಣಿಯುತ್ತಿದ್ದ. ಭಾನುವಾರ ಚರ್ಚಿನಲ್ಲಿ ಹೆಂಡತಿ ನ್ಯಾನೆಟ್ ಜೊತೆ ವರ್ಲಿಯ ಮುಂದಿನ ಬೆಂಚಿನಲ್ಲೇ ಬಂದು ಕೂರುತ್ತಿದ್ದ. ಪೂಜೆಯ ನಡುವೆ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು "ಶಾಂತಿ ನಿಮ್ಮೊಂದಿಗಿರಲಿ" ಎನ್ನುವ ಹೊತ್ತಿಗೆ, ಗಟ್ಟಿಮುಟ್ಟಾದ ಕುತ್ತಿಗೆಯನ್ನು ಹೊರಳಿಸಿ ಹಲ್ಲು ಕಿರಿಯುತ್ತಿದ್ದ. ಊರಿನ ಮುಂದೆ ಕೈ ಕೊಡದಿರುವಂತಿಲ್ಲ. ವರ್ಲಿ ಎರಡು ಬೆರಳು ಮುಂದೆ ಚಾಚುತ್ತಿದ್ದಳು. ಆ ಮಾತನ್ನು ಮಾತ್ರ ಒಂದು ದಿನವೂ ಆಡಲಿಲ್ಲ. ವರ್ಲಿ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹೂಡಿದ್ದಳು. ಅಲ್ಲಿ ಅವನ ಕಡೆಯ ವಕೀಲ, ವಯಸ್ಸಾದ ಕುತ್ತಿಗೆ ಸವೆದಿದೆ ಅಷ್ಟೇ, ಅನ್ನುತ್ತಿದ್ದ. ಅವಳಿಗೆ ಬೇಕಾದದ್ದು ಒಂದೇ: ನಾಯಿ ಇರಲಿಲ್ಲ ಎಂದು ಡಡ್ಲಿ ತನ್ನ ಬಾಯಿಂದಲೇ ಹೇಳಬೇಕು.

ಮಾತ್ರೆ, ಶಾಖ, ವ್ಯಾಯಾಮ ಎಲ್ಲ ಸೋತ ಮೇಲೆ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಮರಳುವ ಆಪರೇಷನ್ ಸೆಂಟರಿಗೆ ಅವಳನ್ನು ಕಳಿಸಿದರು. ಬೆನ್ನು ತೆರೆದ ನಿಲುವಂಗಿ ತೊಡಿಸಿ ಬೋರಲು ಮಲಗಿಸಿದರು. ಡಾಕ್ಟರ್ ಫಾಮ್ ಎಕ್ಸ್-ರೇ ಪರದೆ ನೋಡುತ್ತ ಕುತ್ತಿಗೆಯ ಮೂರು ಕಡೆ ಸೂಜಿ ಇಳಿಸಿ, ನರದ ಬುಡಕ್ಕೆ ಮರಗಟ್ಟಿಸುವ ಔಷಧಿ ಬಿಟ್ಟ. ಆಮೇಲೆ ನರ್ಸ್ ರೆನೀಟಾ ಒಂದು ಹಾಳೆ ಕೈಗಿತ್ತಳು.

"ಮಿಸ್ ವರ್ಲಿ, ಇವತ್ತು ಬರೀ ಪರೀಕ್ಷೆ. ಔಷಧಿ ಐದಾರು ಗಂಟೆ ಇರುತ್ತೆ, ಅಷ್ಟೇ. ಮನೆಗೆ ಹೋಗಿ ಮಲ್ಕೊಂಡ್ಬಿಡ್ಬೇಡಿ ಮತ್ತೆ. ಯಾವ ಕೆಲಸ ಮಾಡಿದ್ರೆ ಜೀವ ಹೋಗುತ್ತೋ ಅದನ್ನೇ ಮಾಡಿ. ಅರ್ಧ ಗಂಟೆಗೊಂದ್ಸಲ ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಬರೀರಿ."

"ಈ ಹಾಳೆ ಕೋರ್ಟಿಗೂ ಹೋಗುತ್ತಾ?"

"ನಿಮ್ಮ ಕಾಗದ ಎಲ್ಲಾ ಹೋಗುತ್ತೆ. ನೋವು ಇಳಿದ್ರೆ ಕಳ್ಳ ನರ ಸಿಕ್ತು ಅಂತ ಅರ್ಥ. ಇನ್ನೊಂದ್ಸಲ ಪರೀಕ್ಷೆ ಮಾಡಿ, ಆಮೇಲೆ ಬಿಸಿ ಸೂಜಿಯಿಂದ ಅದನ್ನ ಸುಡ್ತಾರೆ. ಒಂದು ವರ್ಷ ಆರಾಮು!"

ವರ್ಲಿಯ ಕಿವಿಗೆ ಇಳಿದದ್ದು ಕೋರ್ಟಿನ ಮಾತು ಮಾತ್ರ.

ಕರೆದೊಯ್ಯಲು ಯಾರಾದರೂ ಇದ್ದರಷ್ಟೇ ಸೆಂಟರಿನವರು ಹೊರಗೆ ಬಿಡುವುದು. ಹಾಗಾಗಿ ತಂಗಿ ಅರ್ಲೀನ್ ಕಾರು ತಂದಿದ್ದಳು. ಅರ್ಧ ದಾರಿಯಲ್ಲಿ ವರ್ಲಿ ಮೈಮರೆತು ಎಡಕ್ಕೆ ತಿರುಗಿದಳು. ತಿರುಗಿಯೇಬಿಟ್ಟಳು! ಎಡಗಡೆಯ ಸೀಟಿನಲ್ಲಿ ಕೂತು ಕಾರು ಓಡಿಸುತ್ತಿದ್ದ ತಂಗಿಯ ಮುಖ ಪೂರ್ತಿ ಕಂಡಿತು.

"ಅಯ್ಯೋ, ಈ ಓಲೆ ಯಾವಾಗ ತಗೊಂಡ್ಯೇ? ಚೆನ್ನಾಗಿದೆ ಕಣೇ!"

"ಕ್ರಿಸ್‌ಮಸ್‌ಗೆ ನೀನೇ ಕೊಟ್ಟಿದ್ದಲ್ವೇ ವರ್ಲಿ!"

ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ಮನೆಗೆ ಬಂದವಳೇ ವರ್ಲಿ ದಪ್ಪತಳದ ಪಾತ್ರೆ ಒಲೆಗೇರಿಸಿ, ಎಣ್ಣೆಗೆ ಹಿಟ್ಟು ಸುರಿದು, ಗಂಬೋ ಸಾರಿಗೆಂದು ಹುರಿಯಲು ನಿಂತಳು. ಕಾಫಿಯ ಬಣ್ಣ ಬರುವ ತನಕ ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕು. ಒಂದು ಕ್ಷಣ ನಿಂತರೂ ಸೀದುಹೋಗುತ್ತದೆ. ತಿರುವಿದಳು. ನೋವಿಲ್ಲ. ಬೆಂಡೆಕಾಯಿ ಹೆಚ್ಚಿದಳು. ಊಹೂಂ, ಇಲ್ಲವೇ ಇಲ್ಲ. ಈ ಸಂಭ್ರಮದಲ್ಲಿ ಹಾಳೆಯ ನೆನಪೇ ಆಗಲಿಲ್ಲ.

ಕಸದ ಚೀಲ ಹಾಕಲು ಹೊರಗೆ ಬಂದಾಗ ಡಡ್ಲಿ ಅಂಗಳದಲ್ಲಿ ದೋಣಿ ತೊಳೆಯುತ್ತಿದ್ದ.

"ಓಹೋಹೋ, ವರ್ಲಿ! ಕತ್ತು ಗೂಬೆ ಥರ ತಿರುಗ್ತಾ ಇದೆಯಲ್ಲ! ನಾನು ಹೇಳ್ಲಿಲ್ವಾ, ಏನೂ ಆಗಿಲ್ಲ ಅಂತ? ಇನ್ನಾದ್ರೂ ಆ ವಕೀಲರ ಸಹವಾಸ ಬಿಟ್ಟು ನೆಮ್ಮದಿಯಾಗಿರು ಮಾರಾಯ್ತಿ!"

ವರ್ಲಿಯ ಮೈಯೆಲ್ಲ ಬೆಂಕಿಯಾಯಿತು. ಒಳಗೆ ಬಂದು ಹಾಳೆ ಎಳೆದುಕೊಂಡಳು. ಒಂಬತ್ತು. ಒಂಬತ್ತು. ಒಂಬತ್ತು. ಇನ್ನೂ ಬಾರದ ಗಂಟೆಗಳಿಗೂ ಒಂಬತ್ತು.

"ಏನೇ ಇದು? ಸೊನ್ನೆ ಇದೆಯಲ್ಲೇ ನಿನ್ನ ನೋವು!" ಎಂದಳು ಅರ್ಲೀನ್.

"ಸೊನ್ನೆ ಬರೆದ್ರೆ ಆ ಮುಂಡೇಮಗ ಬಚಾವಾಗ್ತಾನೆ. ನನ್ನ ನೋವೆಲ್ಲ ಅವನ ಕೊರಳಿಗೆ ಕಟ್ತೀನಿ, ನೋಡ್ತಿರು!"

ಕತ್ತಲಾಗುವಷ್ಟರಲ್ಲಿ ನೋವು ತನ್ನ ಜಾಗಕ್ಕೆ ಬಂದು ಕುಳಿತಿತ್ತು. ಮಾರನೆಯ ದಿನ ಹಾಳೆಯನ್ನು ಸೆಂಟರಿಗೆ ಕಳಿಸಿದಳು. ನಾಲ್ಕನೆಯ ದಿನ ರೆನೀಟಾ ಫೋನ್ ಮಾಡಿದಳು.

"ಬೇಜಾರಿನ ಸುದ್ದಿ ಮಿಸ್ ವರ್ಲಿ. ಒಂದು ಚೂರೂ ಇಳಿದಿಲ್ವಲ್ಲ, ಹಾಗಾದ್ರೆ ಆ ನರಗಳದ್ದು ತಪ್ಪಿಲ್ಲ. ಸುಡೋದು ಬೇಡ ಅಂತ ಡಾಕ್ಟರ್ ಬರೆದಿದ್ದಾರೆ. ಪೆಟ್ಟು ಬಿದ್ದ ಜಾಗದಿಂದ ಈ ನೋವು ಬರ್ತಿರೋ ಹಾಗೆ ಕಾಣಲ್ಲವಂತೆ."

ವರ್ಲಿ ಫೋನ್ ಕೆಳಗಿಟ್ಟಳು. ಎದುರುಮನೆಯವನಿಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಂಡಂತಾಗಿತ್ತು. ಹೋಗಬೇಕಾದ ನೋವು ಹೋಗಲಿಲ್ಲ, ಡಡ್ಲಿಯ ವಕೀಲನಿಗೆ ಕೂತಲ್ಲೇ ಹೋಳಿಗೆ ಬಡಿಸಿದಂತಾಯಿತು.

ಅರ್ಲೀನ್ ಸಮಾಧಾನ ಮಾಡಲಿಲ್ಲ. "ಅವನು ಇಲ್ಲದ ನಾಯಿ ಬರೆಸಿದ. ನೀನು ಇಲ್ಲದ ನೋವು ಬರೆದೆ. ಅವನಿಗೂ ನಿನಗೂ ಏನೇ ವ್ಯತ್ಯಾಸ?"

ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. ವರ್ಲಿ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟಳು. ಶುಕ್ರವಾರ ತಾನಾಗಿಯೇ ಸೆಂಟರಿಗೆ ಹೋಗಿ, ಎಲ್ಲರೂ ಕೂತಿದ್ದ ಜಾಗದಲ್ಲೇ ಹೇಳಿದಳು: "ನಾನು ಸುಳ್ಳು ಬರೆದೆ. ಅವತ್ತು ನೋವು ಸೊನ್ನೆ ಇತ್ತು. ಸಿಟ್ಟಿಗೆ ಒಂಬತ್ತು ಹಾಕಿದೆ."

ರೆನೀಟಾ ಕನ್ನಡಕ ತೆಗೆದು ಅವಳನ್ನೇ ನೋಡಿದಳು. "ಕೆಲವು ವಾರ ಬಿಟ್ಟು ಇನ್ನೊಂದ್ಸಲ ಪರೀಕ್ಷೆ ಮಾಡೋಣ ಅಂತ ಡಾಕ್ಟರನ್ನ ಕೇಳ್ತೀನಿ. ಆದ್ರೆ ಈಗ ಹೇಳಿದ್ದನ್ನೂ ನಾನು ಬರೀಲೇಬೇಕು. ಕೋರ್ಟಿನಲ್ಲಿ ಇದನ್ನ ಹಿಡ್ಕೊಂಡು ಆಡ್ತಾರೆ."

"ಬರೀರಿ. ಆಡ್ಲಿ."

ಭಾನುವಾರ ಬಂತು. ಕೈ ಹಿಡಿಯುವ ಹೊತ್ತು ಬಂತು. ಡಡ್ಲಿ ಎಂದಿನಂತೆ ಹೊರಳಿ ಕೈ ಚಾಚಿದ. ವರ್ಲಿ ಈ ಸಲ ಬೆರಳು ಕೊಡಲಿಲ್ಲ, ಇಡೀ ಕೈ ಕೊಟ್ಟಳು. ಕೊಟ್ಟವಳು ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಹಂಡೆ ಎತ್ತಿದ ಕೈ ಅದು.

"ಡಡ್ಲಿ, ಆಸ್ಪತ್ರೆ ಕಾಗದದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಮೊನ್ನೆ ಹೋಗಿ, ಸುಳ್ಳು ಅಂತ ನಾನೇ ಹೇಳಿ ಬಂದೆ. ಈಗ ನಿನ್ನ ಸರದಿ. ನಾಯಿ ಇತ್ತಾ?"

ಡಡ್ಲಿ ಸುತ್ತಲಿನ ಬೆಂಚುಗಳತ್ತ ಕಣ್ಣಾಡಿಸಿದ. "ಏಯ್, ಬಿಡು ಕೈನ. ಜನ ನೋಡ್ತಿದ್ದಾರೆ."

"ನೋಡ್ಲಿ. ನಾಯಿ ಇತ್ತಾ?"

ಅವನು ಜಗ್ಗಿದ. ವರ್ಲಿಯ ಭುಜದಿಂದ ತಲೆಬುರುಡೆಯವರೆಗೆ ಮಿಂಚು ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಒಂಬತ್ತು. ಹಿಡಿತವನ್ನು ಇನ್ನೂ ಬಿಗಿ ಮಾಡಿದಳು. ಪಾದ್ರಿಗಳು ಕೂಡ ಇತ್ತಲೇ ನೋಡುತ್ತ ನಿಂತುಬಿಟ್ಟಿದ್ದರು. ಡಡ್ಲಿಯ ಮುಖ ಬೆಂದ ಸೀಗಡಿಯಂತೆ ಕೆಂಪಾಯಿತು.

"ಇಲ್ಲ," ಎಂದ ಕೊನೆಗೆ. "ಇರ್ಲಿಲ್ಲ. ಫೋನ್ ನೋಡ್ತಿದ್ದೆ."

"ಏನೂ? ಇರ್ಲಿಲ್ವಾ?" ಪಕ್ಕದಿಂದ ನ್ಯಾನೆಟ್ ಕಿರುಚಿದಳು. "ಆ ನಾಯಿ ಬದುಕಿಕೊಳ್ತಲ್ಲ ಅಂತ ನಾನು ಇದೇ ಚರ್ಚಲ್ಲಿ ಮೇಣದಬತ್ತಿ ಹಚ್ಚಿದ್ದೆನಲ್ಲೋ, ಮನೆಹಾಳ!"

ವರ್ಲಿ ಆಗ ಕೈ ಬಿಟ್ಟಳು. ಇಡೀ ಮೈಯನ್ನು ಅವನತ್ತ ತಿರುಗಿಸಿ, ಹದಿನಾಲ್ಕು ತಿಂಗಳಿಂದ ಆಡದಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಆಡಿದಳು.

"ಶಾಂತಿ ನಿನ್ನೊಂದಿಗಿರಲಿ, ಡಡ್ಲಿ."