ಗೋಡೆಯ ಮೇಲಿನ ಮೊಗೆಬೀಜ

ಕೇಳಿದ ಬೆಲೆಗೆ ನಾನು ಏನನ್ನೂ ಕೊಂಡವನಲ್ಲ. ಇದನ್ನು ಮೊದಲು ಎದೆಯುಬ್ಬಿಸಿ ಹೇಳುತ್ತಿದ್ದೆ, ಈಗ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ. ಸೈಕಲ್ಲಿನ ಹಿಂದೆ ಪಾತ್ರೆ ಕಟ್ಟಿಕೊಂಡು ಶಿರಸಿಯ ಕೇರಿ ಕೇರಿ ಅಲೆದು, ಕಡೆಗೊಂದು ಪಾತ್ರೆ ಅಂಗಡಿಯ ಗಲ್ಲೆಯ ಹಿಂದೆ ಕೂತವನಿಗೆ ಚೌಕಾಶಿ ಎಂದರೆ ಉಸಿರಾಟವಿದ್ದ ಹಾಗೆ. ಮಾಡುತ್ತಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಹಿಂದೆ ಎರಡು ಎತ್ತಿನಗಾಡಿ ನಿಲ್ಲುವಷ್ಟು ಹಿತ್ತಿಲಿದೆ. ತರಕಾರಿ ಬೆಳೆಯುವ ಆಸೆ ನಿಮಗೂ ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಅದು ಬಂದರೆ ಬೀದಿಗೆಲ್ಲ ಹಂಚಿದರೂ ಮುಗಿಯದಷ್ಟು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಒಂದು ವರ್ಷ ಹೀರೆಕಾಯಿ ಹೇಗೆ ಸುರಿಯಿತೆಂದರೆ, ನಾನು ಚೀಲ ಹಿಡಿದು ಬರುವುದನ್ನು ಕಂಡ ಪಕ್ಕದ ಮನೆಯ ಮಾಸ್ತರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುವರ್ಷ ಬಸವನಹುಳುಗಳು ಎಳೆ ಸಸಿಯನ್ನೆಲ್ಲ ಮೇಯ್ದು, ಉಳಿದದ್ದನ್ನು ಮಂಗಗಳಿಗೆ ಬಿಟ್ಟುಕೊಟ್ಟವು. ಆಗ ಅದೇ ಮಾಸ್ತರರು ಬಂದು, ಈ ವರ್ಷ ಹೀರೆ ಹೇಗೆ ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು.

ಇಷ್ಟರ ನಡುವೆಯೂ ತಪ್ಪದೆ ಬರುತ್ತಿದ್ದದ್ದು ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆ, ಒಂದೇ. ಅದು ನನ್ನ ಹೆಂಡತಿ ಸಾವಿತ್ರಿಯದು. ಹೆಗ್ಗರಣೆಯ ತವರಿನಿಂದ ಬರುವಾಗ ಅವಳು ತಂದ ಬೀಜ, ಅವಳ ಅಮ್ಮನಿಗೆ ಅವರ ಅತ್ತೆ ಕೊಟ್ಟದ್ದಂತೆ. ಹಸಿರಿನ ಮೇಲೆ ಬಿಳಿ ಪಟ್ಟೆ, ಗಟ್ಟಿ ತಿರುಳು. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಬಿಟ್ಟರೆ ಬೇಸಿಗೆಯವರೆಗೂ ಕೆಡದು. ಪ್ರತಿ ವರ್ಷ ಮೊದಲ ಒಳ್ಳೆಯ ಕಾಯಿಯನ್ನು ಅವಳು ಬೀಜಕ್ಕೆ ಬಿಡುವಳು. ಅದು ಹಣ್ಣಾದ ಮೇಲೆ ಬೀಜವನ್ನು ಬೂದಿ, ಸಗಣಿಯಲ್ಲಿ ಕಲಸಿ ಒಲೆಯ ಪಕ್ಕದ ಗೋಡೆಗೆ ರೊಟ್ಟಿಯಂತೆ ತಟ್ಟುವಳು. ಬೂದಿಗೆ ಹುಳ ಹತ್ತುವುದಿಲ್ಲ, ಒಲೆಯ ಕಾವಿಗೆ ಬೂಸು ಬರುವುದಿಲ್ಲ. ಹಳೆಯ ಹೆಂಗಸರು ಕಪಾಟಿನ ಕೆಲಸವನ್ನು ಗೋಡೆಯಿಂದಲೇ ಮಾಡಿಸಿಕೊಂಡರು, ಅದಕ್ಕೆ ಬೀಗವೂ ಬೇಡ.

ಆ ವರ್ಷ ಮೇ ತಿಂಗಳಲ್ಲಿ ಸಾವಿತ್ರಿ ಅಣ್ಣನ ಮಗನ ಉಪನಯನಕ್ಕೆಂದು ತವರಿಗೆ ಹೋದಳು. ಮಳೆಗೆ ಮೊದಲು ಜಗಲಿಗೆ ಬಣ್ಣ ಹೊಡೆಸೋಣವೆಂದು ನಾನೊಬ್ಬ ಪೇಂಟರನನ್ನು ಕರೆದೆ. ಅವನು ಒಂದು ಮಾತು ಹೇಳಿದ, ನಾನೊಂದು ಹೇಳಿದೆ. ಅರ್ಧ ದಿನ ಜಗ್ಗಾಡಿದ ಮೇಲೆ, ಜಗಲಿಯ ಕೂಲಿಯಲ್ಲೇ ಅಡುಗೆಮನೆಯನ್ನೂ ಮುಗಿಸಲು ಅವನನ್ನು ಒಪ್ಪಿಸಿದೆ. ಗೋಡೆಯ ಮೇಲೆ ಸಗಣಿ ಇದೆಯಲ್ಲ ಎಂದು ಅವನು ಗೊಣಗಿದ. ಕೆರೆದು ತೆಗೆಯುವುದೂ ಕೂಲಿಯಲ್ಲೇ ಬಂತು ಎಂದೆ. ಕೆರೆದ. ತಿಳಿಹಳದಿ ಡಿಸ್ಟೆಂಪರ್ ಬಳಿದ. ಕೆರೆದದ್ದೆಲ್ಲ ನೀರೊಲೆಗೆ ಹೋಯಿತು. ಅಂದು ನಾನು ಬಿಸಿಬಿಸಿ ನೀರಿನಲ್ಲಿ ಮಿಂದೆ.

ಸಾವಿತ್ರಿ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೆಚ್ಚಿಕೊಳ್ಳುತ್ತಾಳೆಂದು ನಾನು ಹಿಂದೆಯೇ ನಿಂತಿದ್ದೆ.

"ಗೋಡೆ ಮೇಲಿದ್ದ ಬೀಜ ಎಂತಾತು?" ಎಂದಳು.

ಬೈದಿದ್ದರೆ ಸುಲಭವಿತ್ತು. ಅವಳು ಬೈಯಲಿಲ್ಲ, ಮಾತೇ ಬಿಟ್ಟಳು. ತವರಿನಿಂದ ಮತ್ತೆ ತರಿಸೋಣವೆಂದು ನಾನು ಹೇಳಿದಾಗ ಮಾತ್ರ, ಅಣ್ಣ ಹಿತ್ತಿಲನ್ನೆಲ್ಲ ವೆನಿಲ್ಲಾ ಬೆಳೆಗೆ ಕೊಟ್ಟು ಮೂರು ವರ್ಷವಾಯಿತು, ಅಲ್ಲಿ ಮೊಗೆಬಳ್ಳಿಯೇ ಇಲ್ಲ ಎಂದಳು. ನಾನು ಪೇಟೆಯಿಂದ ಚಂದದ ಚಿತ್ರವಿದ್ದ ಬೀಜದ ಪೊಟ್ಟಣ ತಂದುಕೊಟ್ಟೆ. ಅವಳು ಅದನ್ನು ಒಡೆಯದೆ ಕಿಟಕಿಯಲ್ಲಿಟ್ಟಳು. ಮೋಡ ಕಟ್ಟತೊಡಗಿತ್ತು. ಈ ಮಳೆಗೆ ಬೀಜ ನೆಲ ಸೇರದಿದ್ದರೆ ಅವಳ ಅಮ್ಮನ ಮೊಗೆಕಾಯಿ ನಮ್ಮ ಮನೆಯಲ್ಲಿ ಮುಗಿಯಿತು ಎಂಬುದು ನನ್ನಂಥವನಿಗೂ ಅರ್ಥವಾಯಿತು.

ಸಾವಿತ್ರಿಯ ಅತ್ತಿಗೆಗೆ ಫೋನು ಮಾಡಿ, ಹಳೆಯ ನಂಟರ ಪಟ್ಟಿಯನ್ನೆಲ್ಲ ತಿರುವಿ ಹಾಕಿಸಿದೆ. ಕಡೆಗೆ ಒಂದು ಹೆಸರು ಸಿಕ್ಕಿತು: ಯಲ್ಲಾಪುರದಾಚೆ ವಜ್ರಳ್ಳಿಯ ಗಂಗಕ್ಕ, ನನ್ನ ಅತ್ತೆಯ, ಅಂದರೆ ಸಾವಿತ್ರಿಯ ಅಮ್ಮನ, ಗೆಳತಿ. ಅತ್ತೆ ಯಾವುದೋ ಕಾಲದಲ್ಲಿ ಅವರಿಗೆ ಈ ಬೀಜ ಕೊಟ್ಟಿದ್ದರಂತೆ. ಮರುದಿನವೇ ಬಸ್ಸು ಹತ್ತಿದೆ. ಬರಿಗೈಯಲ್ಲಿ ವ್ಯವಹಾರಕ್ಕೆ ಹೋಗುವವನು ನಾನಲ್ಲ, ಅಂಗಡಿಯಿಂದ ದೊಡ್ಡದೊಂದು ಸ್ಟೀಲ್ ಡಬ್ಬಿ ಹಿಡಿದುಕೊಂಡೆ.

ಗಂಗಕ್ಕ ಎಂಬತ್ತರ ಹತ್ತಿರದ, ಬಾಗಿದರೂ ಚುರುಕಾದ ಮುದುಕಿ. ಬೆಲ್ಲ ನೀರು ಕೊಟ್ಟು, ನನ್ನ ಗೋಡೆಯ ಕಥೆ ಕೇಳಿ, ನಗದೆ ಡಬ್ಬಿಯನ್ನು ನನ್ನತ್ತಲೇ ಸರಿಸಿದರು.

"ಬೀಜ ಮಾರದು ಇಲ್ಲೆ ತಮಾ. ಡಬ್ಬಿ ವಾಪಸ್ ತಗಂಡು ಹೋಗು."

ಒಳಗಿನಿಂದ ಬೂದಿ ಬೆರೆಸಿದ ಬೀಜದ ಗಂಟು ತಂದು ನನ್ನ ಅಂಗೈಗೆ ಒಂದೊಂದೇ ಎಣಿಸಿ ಹಾಕಿದರು. ಏಳು. ಆಗ ಈ ಬಾಯಿ, ಗಲ್ಲೆಯ ಹಿಂದೆ ಇಪ್ಪತ್ತು ವರ್ಷ ಪಳಗಿದ ಈ ಬಾಯಿ, ನನ್ನನ್ನು ಕೇಳದೆಯೇ ತೆರೆದುಕೊಂಡಿತು.

"ಗಂಗಕ್ಕ, ಇನ್ನೊಂದು ನಾಕು ಹಾಕು."

ಅವರು ನನ್ನ ಮುಖ ನೋಡಿದರು. ಅಂಗೈಯಿಂದ ಎರಡು ಬೀಜ ಹೆಕ್ಕಿ ಗಂಟಿಗೆ ವಾಪಸು ಹಾಕಿಕೊಂಡರು.

"ಹೆಚ್ಚಿದ್ರೆ ನೀನು ಬಿಸಾಕ್ತೆ ತಮಾ, ಕಮ್ಮಿ ಇದ್ರೆ ಕಾಯ್ತೆ."

ಮುಷ್ಟಿ ಬಿಗಿದೆ. ಇನ್ನೊಂದು ಮಾತಾಡಿದರೆ ಮೂರಕ್ಕೆ ಇಳಿಯುತ್ತದೆಂದು ಲೆಕ್ಕ ಬರುವವನಿಗೆ ಯಾರೂ ಹೇಳಬೇಕಿಲ್ಲ. ಬೀಜವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು, ನಮಸ್ಕಾರ ಮಾಡಿ ಬಸ್ಸಿನ ದಾರಿ ಹಿಡಿದೆ. ಶಿರಸಿಯವರೆಗೂ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂತೆ.

ಸಾವಿತ್ರಿ ಕಾಗದ ಬಿಚ್ಚಿ ನೋಡಿದಳು. ಒಂದು ಬೀಜವನ್ನು ಬೆಳಕಿಗೆ ಹಿಡಿದಳು. ಅದೇ ಎಂಬುದು ಅವಳ ಮುಖದಲ್ಲೇ ತಿಳಿಯಿತು. ಮತ್ತೆ ಎಣಿಸಿದಳು.

"ಗಂಗಕ್ಕ ಯಾರಿಗಾದ್ರೂ ಏಳು ಕೊಡ್ತು," ಎಂದಳು. "ನಿಂಗ ಅಲ್ಲೂ ಚೌಕಾಶಿ ಮಾಡಿದ್ರಿ ಅಲ್ದ?"

ಹನ್ನೆರಡು ದಿನಗಳ ನಂತರ ಅವಳು ನನ್ನೊಡನೆ ಆಡಿದ ಮೊದಲ ನೆಟ್ಟಗಿನ ಮಾತು ಅದು. ಆಮೇಲೆ ನಗತೊಡಗಿದಳು. ನಾನು ತಪ್ಪೊಪ್ಪಿಕೊಂಡು ಗುದ್ದಲಿ ಹುಡುಕಲು ಹೋದೆ.

ಐದರಲ್ಲಿ ನಾಲ್ಕು ಹುಟ್ಟಿದವು. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಬಸವನಹುಳು ಹೆಕ್ಕುವುದು, ಬುಡಕ್ಕೆ ಬೂದಿ ಸುರಿಯುವುದು, ಮಂಗಕ್ಕೆ ತಗಡು ಬಡಿಯುವುದು ಎಲ್ಲ ನನ್ನ ಪಾಲಿಗೆ ಬಂತು. ಹೆಚ್ಚಿದ್ದಿದ್ದರೆ ಖಂಡಿತ ಮಾಡುತ್ತಿರಲಿಲ್ಲ, ಮುದುಕಿ ಗಿರಾಕಿಯನ್ನು ಸರಿಯಾಗಿಯೇ ಅಳೆದಿದ್ದರು.

ಈಗ ನಮ್ಮಲ್ಲಿಗೂ ಬೀಜ ಕೇಳಿಕೊಂಡು ಬರುವವರಿದ್ದಾರೆ. ಸಾವಿತ್ರಿ ಏಳೇ ಎಣಿಸುತ್ತಾಳೆ. ನಾನು ಪಕ್ಕದಲ್ಲೇ ನಿಂತು ಬಂದವರ ಬಾಯಿಯನ್ನೇ ನೋಡುತ್ತಿರುತ್ತೇನೆ. "ಇನ್ನೊಂದೆರಡು" ಎನ್ನಲು ಅವರ ತುಟಿ ಅಲುಗಿತೋ ಇಲ್ಲವೋ, ಚಹಾವೋ ಕಷಾಯವೋ ಎಂದು ನಡುವೆ ಬಾಯಿ ಹಾಕಿ ಅವರನ್ನು ಜಗಲಿಗೆ ಎಬ್ಬಿಸಿಕೊಂಡು ಹೋಗುತ್ತೇನೆ.